ಪೂಜೆಗಿಟ್ಟ ಸಲಿಕೆ

ಪಾದಪೂಜೆಗೆ ಬರುವ ಮುಂಚೆ ಕಾಲು ತೊಳೆದುಕೊಂಡು ಬಾ ಎಂದು ದಾಕ್ಷಾಯಣಮ್ಮ ಹೇಳಿದಾಗ ಮಾಸ್ತಮ್ಮನಿಗೆ ನಗು ಬರಲಿಲ್ಲ. ನಕ್ಕವಳು ವೇದಾ. ಪೊರಕೆಯ ಹಿಡಿಯ ಮೇಲೆ ಗಲ್ಲವಿಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು, ಭುಜ ಕುಣಿಯುವ ಹಾಗೆ ನಕ್ಕಳು.

“ಬರೀ ನೀರಲ್ಲಲ್ಲ ಮಾರಾಯ್ತಿ, ಸೋಪು ಹಾಕು. ಹಿಮ್ಮಡೀನ ಕಲ್ಲಿಗೆ ಉಜ್ಜು. ಫೋಟೋದಲ್ಲಿ ಬಿರುಕೆಲ್ಲ ಕಾಣುತ್ತೆ,” ಎಂದರು ದಾಕ್ಷಾಯಣಮ್ಮ. ಅವರು ಗೇಟಿನ ಒಳಗೆ ನಿಂತಿದ್ದರು. ಇವರಿಬ್ಬರು ಗೇಟಿನ ಹೊರಗೆ, ಕಸದ ತಳ್ಳುಗಾಡಿಯ ಪಕ್ಕ. ನಡುವೆ ಆಗ ತಾನೇ ಬಿಟ್ಟ ರಂಗೋಲಿ.

ತೊಳೆದ ಕಾಲನ್ನು ಮತ್ತೆ ತೊಳೆಯುವುದು ಎಂಥ ಪೂಜೆಯೋ ಶಿವನೇ ಬಲ್ಲ. ಪಾತ್ರೆ ತಿಕ್ಕುವವಳು ಬರುತ್ತಾಳೆಂದು ಪಾತ್ರೆ ತಿಕ್ಕಿಟ್ಟವರನ್ನು ಮಾಸ್ತಮ್ಮ ಈ ಊರಲ್ಲಿ ಕಂಡಿರಲಿಲ್ಲ. ಆದರೂ ಆಗಲಿ ಅಮ್ಮೋರೇ ಅಂದಳು. ಅವಳಿಗೆ ಬೇಕಾಗಿದ್ದದ್ದು ಪೂಜೆಯಲ್ಲ. ಒಂದು ಬಾಗಿಲಿನ ಬೀಗ ತೆಗೆಯಬೇಕಾಗಿತ್ತು, ಅಷ್ಟೇ.

ಊರಂಚಿನ ಗೋಪಾಳ ದಾಟಿ ಇನ್ನೂ ಒಳಗೆ ಹೋದರೆ ಹೊಂಬೆಳಕು ಬಡಾವಣೆ. ಮಾಸ್ತಮ್ಮ ಇಲ್ಲಿ ಗುಡಿಸುವುದಕ್ಕೆ ಬಂದ ಹೊಸತರಲ್ಲಿ ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ ಇದ್ದವು. ಲಂಟಾನ ಎದೆಮಟ್ಟ ಬೆಳೆದಿರುತ್ತಿತ್ತು. ಗುಡಿಸುವ ಹೆಂಗಸರಿಗೆ ಅದೇ ಮರೆ. ಒಬ್ಬಳು ಕೂತರೆ ಇನ್ನೊಬ್ಬಳು ಕಾವಲು. ಆಗ ಅವರು ಹಾವಿಗೆ ಹೆದರುತ್ತಿದ್ದರು. ಈಗ ಸೈಟೆಲ್ಲ ಮನೆಯಾಗಿವೆ, ಮನೆಯ ಮೂಲೆಮೂಲೆಗೆ ಕ್ಯಾಮೆರಾ ಬಂದಿವೆ. ಹಾವಾದರೂ ಕಂಡರೆ ಸರಿದು ಹೋಗುತ್ತಿತ್ತು.

ಹಾಗಾಗಿ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬೆಳಕು ಹರಿಯುವ ಮುಂಚೆ ಮನೆ ಬಿಟ್ಟರೆ ತಿರುಗಿ ಮನೆ ಸೇರುವ ತನಕ ಗುಟುಕು ನೀರಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಯಾರೋ ಪುಣ್ಯಾತ್ಗಿತ್ತಿ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟರೆ ಅವರ ಕಣ್ಣು ತಪ್ಪಿಸಿ ಚರಂಡಿಗೆ ಚೆಲ್ಲುತ್ತಿದ್ದರು. ಅದನ್ನು ಕಂಡವರು, ಕೊಬ್ಬು ನೋಡು ಇವಕ್ಕೆ, ಅಂದದ್ದೂ ಉಂಟು.

ವೇದಾ ಚಿಕ್ಕ ವಯಸ್ಸಿನವಳು. ಮದುವೆಯಾಗಿ ಬಂದು ಅತ್ತೆಯ ಕೆಲಸಕ್ಕೆ ಸೇರಿದವಳು. ಮಳೆಗಾಲದಲ್ಲಿ ಅವಳಿಗೆ ಉರಿಮೂತ್ರ ಹಿಡಿಯಿತು. ಆಮೇಲೆ ಚಳಿಜ್ವರ, ಆಮೇಲೆ ಸೊಂಟದ ಹಿಂದೆ ಚೂರಿ ಹಾಕಿದ ಹಾಗೆ ನೋವು. ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿ ಗ್ಲೂಕೋಸ್ ಹಾಕಿದರು. ಡಾಕ್ಟರು ಗದರಿಸಿದರು, ನೀರು ಯಾಕೆ ಕುಡಿಯಲ್ಲ ನೀನು, ಮೂತ್ರ ಯಾಕೆ ಕಟ್ಟಿಕೊಳ್ತೀಯ, ಕಿಡ್ನಿ ಹೋದರೆ ಯಾರು ಕೊಡ್ತಾರೆ ನಿನಗೆ ಅಂತ. ವೇದಾ ಗೋಣು ಆಡಿಸಿದಳು. ಕುಡಿದದ್ದನ್ನು ಎಲ್ಲಿ ಬಿಡಲಿ ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತಂತೆ. ಅಷ್ಟು ದೊಡ್ಡ ಡಾಕ್ಟರಿಗೆ ಆ ಮಾತು ಹೇಗೆ ಹೇಳುವುದು.

ಆಸ್ಪತ್ರೆಯಿಂದ ಬಂದ ಮೇಲೆ ಅವಳಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ, ಉಳಿದಿದ್ದ ಒಂದೇ ಖಾಲಿ ಸೈಟಿನ ಕಾಂಪೌಂಡ್ ಮರೆಯಲ್ಲಿ ಕೂತಳು. ಎದುರು ಮನೆಯ ಕ್ಯಾಮೆರಾ ಅದನ್ನು ಹಿಡಿಯಿತು. ಮಧ್ಯಾಹ್ನದೊಳಗೆ ಬಡಾವಣೆಯ ವಾಟ್ಸಪ್ ಗ್ರೂಪಿನಲ್ಲಿ ವೇದಾಳ ಬೆನ್ನು, ಎತ್ತಿದ ಸೀರೆ, ಎಲ್ಲ. ನಮ್ಮ ಬಡಾವಣೆಯನ್ನು ಗಲೀಜು ಮಾಡುತ್ತಿರುವವರು ಯಾರೆಂದು ನೋಡಿ, ಎಂದು ಕೆಳಗೆ ಬರೆದಿದ್ದರು. ಹೆಬ್ಬೆರಳುಗಳು ಬಂದವು, ಮೂಗು ಮುಚ್ಚಿದ ಮುಖಗಳು ಬಂದವು. ಯಾರದೋ ಮನೆಯ ಡ್ರೈವರಿನಿಂದ ಅದು ಕೇರಿಗೂ ಬಂತು. ವೇದಾಳ ಗಂಡ ಅವತ್ತು ಅನ್ನದ ತಟ್ಟೆಯನ್ನು ಗೋಡೆಗೆ ಎಸೆದ. ವಿಡಿಯೋ ತೆಗೆದವರನ್ನು ಬಿಟ್ಟು ಕೂತವಳನ್ನು ಬೈದ.

ಮಾರನೇ ದಿನ ಆ ಸೈಟಿಗೆ ಮುಳ್ಳುತಂತಿ ಬಿತ್ತು.

ಬಡಾವಣೆಯ ನಡುವೆ ಸಮುದಾಯ ಭವನ ಇದೆ. ಸರ್ಕಾರದ ದುಡ್ಡಲ್ಲಿ ಕಟ್ಟಿದ್ದು, ಬೀಗ ಮಾತ್ರ ಸಂಘದ್ದು. ಅದರ ಪಕ್ಕದ ಗೋಡೆಗೆ, ಹೊರಗಿನಿಂದಲೇ ಹೋಗುವ ಹಾಗೆ ಹೆಂಗಸರ ಶೌಚಾಲಯ. ಬಿಳೀ ಟೈಲ್ಸು, ಕನ್ನಡಿ, ಎರಡು ನಲ್ಲಿ. ಮದುವೆ, ನಾಮಕರಣ ನಡೆದ ಮಾರನೇ ದಿನ ಅದನ್ನು ತೊಳೆಯುವವಳು ಮಾಸ್ತಮ್ಮನೇ. ಸಂಘದ ಕಾರ್ಯದರ್ಶಿ ಸುದರ್ಶನ ಸೊಂಟದ ಗೊಂಚಲಿನಿಂದ ಕೀಲಿ ಆರಿಸಿ ತೆಗೆದುಕೊಡುತ್ತಾನೆ. ಅವಳು ಉಜ್ಜುವಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕು, ಅವನು ಕರ್ಚೀಫು ಮೂಗಿಗೆ ಹಿಡಿದು ಹೊರಗೆ ನಿಂತಿರುತ್ತಾನೆ. ಕೊನೆಯ ಬಕೀಟು ಹೊಯ್ದ ಕೂಡಲೇ ಬೀಗ. ತೊಳೆಯುವಾಗ ಅದು ಅವಳದು, ಉಪಯೋಗಿಸುವಾಗ ಅವರದು.

ಮುಳ್ಳುತಂತಿ ಬಿದ್ದ ದಿನ ಮಾಸ್ತಮ್ಮ ನೇರ ಅಧ್ಯಕ್ಷರ ಹತ್ತಿರ ಹೋದಳು. ಷಣ್ಮುಖಪ್ಪನವರು ದಾಕ್ಷಾಯಣಮ್ಮನ ಗಂಡ. ಅಡಿಕೆ ವ್ಯಾಪಾರದಲ್ಲಿ ಚೆನ್ನಾಗಿ ಮಾಡಿಕೊಂಡವರು, ಮೆತ್ತಗೆ ಮಾತಾಡುವವರು. ಬಯ್ಯುವವರ ಹತ್ತಿರ ಜಗಳವಾಡಬಹುದು, ಮೆತ್ತಗೆ ಮಾತಾಡುವವರ ಹತ್ತಿರ ಏನಾಡುವುದು. ಮೀಟಿಂಗಲ್ಲಿ ಇಡೋಣ ಅಂದರು. ಗಣಪತಿ ಹಬ್ಬ ಮುಗೀಲಿ ಅಂದರು. ಗಣಪತಿ ಮುಳುಗಿದ ಮೇಲೆ ದಸರಾ ಬರಲಿ ಅಂದರು. ಗುಡಿಸುವವರಿಗೆ ತೆರೆದರೆ ನಾಳೆ ಗಾರೆ ಕೆಲಸದವರು, ನಾಡಿದ್ದು ಹೂ ಮಾರುವವರು ಕೇಳುತ್ತಾರೆ, ವಿಚಾರ ಮಾಡಬೇಕಾಗುತ್ತೆ ನೋಡು, ಅಂದರು.

ಅಷ್ಟರಲ್ಲಿ ದಾಕ್ಷಾಯಣಮ್ಮನಿಗೆ ಪಾದಪೂಜೆಯ ಯೋಚನೆ ಹೊಳೆಯಿತು. ಎಲ್ಲೋ ಟಿವಿಯಲ್ಲಿ ನೋಡಿದ್ದರಂತೆ. ನವರಾತ್ರಿಯ ಒಂಬತ್ತು ದಿನವೂ ಬಡಾವಣೆಯಲ್ಲಿ ಏನಾದರೊಂದು ಇದ್ದೇ ಇತ್ತು. ಬೊಂಬೆ ಕೂರಿಸುವುದು, ಕುಂಕುಮಾರ್ಚನೆ, ರಂಗೋಲಿ ಸ್ಪರ್ಧೆ, ಕೋಲಾಟ. ವಿಜಯದಶಮಿಗೆ ಮಾತ್ರ ಹೊಸದೇನಾದರೂ ಬೇಕಿತ್ತು. ಪೌರಕಾರ್ಮಿಕ ಮಹಿಳೆಗೆ ವೇದಿಕೆಯ ಮೇಲೆ ಪಾದಪೂಜೆ. ಪೇಪರಿನವರು ಬರುತ್ತಾರೆ.

ಮಾಸ್ತಮ್ಮ ವ್ಯಾಪಾರಸ್ಥರ ಮನೆ ಬಾಗಿಲಲ್ಲಿ ವ್ಯಾಪಾರಕ್ಕೇ ನಿಂತಳು.

“ಬರ್ತೀನಿ ಅಮ್ಮೋರೇ. ಆದ್ರೆ ಅವತ್ತಿಂದ ನಮಗೆ ಆ ಬಾಗ್ಲು ತೆಗೀಬೇಕು.”

“ಅಷ್ಟೇ ತಾನೇ ಮಾರಾಯ್ತಿ? ನಮ್ಮನೆಯವರಿಗೆ ನಾನು ಹೇಳ್ತೀನಿ. ವಿಜಯದಶಮಿ ದಿನವೇ ತೆಗೆಸ್ತೀನಿ, ಆ ಚಾಮುಂಡಿ ಆಣೆ.”

ಆಣೆ ಹಾಕಿದ ಮೇಲೆ ಇನ್ನೇನಿದೆ. ಮಾಸ್ತಮ್ಮ ಅವತ್ತು ವೇದಾಳ ಮನೆಗೆ ಹೋಗಿ, ಹಬ್ಬ ಕಳೀಲಿ, ಹೊಟ್ಟೆ ತುಂಬ ನೀರು ಕುಡಿಯುವೆಯಂತೆ, ಅಂದು ಬಂದಳು.

ಆಯುಧಪೂಜೆಯ ಬೆಳಿಗ್ಗೆ ಬಡಾವಣೆಯ ಮೈಕು ಕೂಗುತ್ತಿತ್ತು. ಸಾಮೂಹಿಕ ಆಯುಧಪೂಜೆ ಇದೆ, ಎಲ್ಲರೂ ಅವರವರ ಆಯುಧಗಳನ್ನು ಭವನದ ಜಗುಲಿಯ ಮೇಲೆ ತಂದಿಡಿ. ಎಲ್ಲರೂ ಅನ್ನುವ ಮಾತನ್ನು ಮಾಸ್ತಮ್ಮ ನಂಬಿದಳು. ಹುಣಸೆಹಣ್ಣು ಹಚ್ಚಿ ತನ್ನ ಸಲಿಕೆಯನ್ನು ಕನ್ನಡಿಯ ಹಾಗೆ ಉಜ್ಜಿದಳು. ಹಿಡಿಗೆ ಚೆಂಡುಹೂವು ಸುತ್ತಿದಳು. ಹೆಗಲ ಮೇಲಿಟ್ಟುಕೊಂಡು ಬಂದಳು.

ಜಗುಲಿಯ ಮೇಲೆ ಏನುಂಟು ಏನಿಲ್ಲ. ಲ್ಯಾಪ್‌ಟಾಪು, ಡ್ರಿಲ್ಲಿಂಗ್ ಮಷಿನ್ನು, ಅಡಿಕೆ ಸುಲಿಯುವ ಕತ್ತಿ, ಮಿಕ್ಸಿ, ಯಾರದೋ ಜಿಮ್ಮಿನ ಡಂಬೆಲ್ಸು. ಅವಳು ಸಲಿಕೆಯನ್ನು ತುದಿಯಲ್ಲಿ, ಒಂದಕ್ಕೂ ತಾಗದ ಹಾಗೆ ಇಟ್ಟಳು. ದಾಕ್ಷಾಯಣಮ್ಮ ಓಡಿ ಬಂದರು. ಅಯ್ಯೋ ಅದು ಬೇಡ, ಎಲ್ಲೆಲ್ಲಿ ಆಡಿ ಬಂದಿರುತ್ತೋ ಏನೋ, ಇಲ್ಲಿ ದೇವರಿದೆ, ಅಲ್ಲಿ ಕಸದ ಗಾಡಿಗೆ ಒರಗಿಸು, ಭಟ್ಟರು ಅಲ್ಲಿಗೇ ಮಂಗಳಾರತಿ ತೋರಿಸುತ್ತಾರೆ ಅಂದರು. ಭಟ್ಟರು ನಿಂತಲ್ಲಿಂದಲೇ ಮಾವಿನೆಲೆಯಲ್ಲಿ ನೀರು ಎರಚಿದರು. ಅದು ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು.

ಮಾಸ್ತಮ್ಮ ಸಲಿಕೆಯನ್ನು ಮತ್ತೆ ಹೆಗಲಿಗೇರಿಸಿ ಮನೆಗೆ ತಂದಳು. ದೇವರ ಪಟದ ಕೆಳಗೆ ಮಣೆ ಹಾಕಿ ಕೂರಿಸಿದಳು. ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಊದುಬತ್ತಿ ಹಚ್ಚಿದಳು. ಅವಳು ಭದ್ರಾವತಿಯಲ್ಲಿ ಹುಟ್ಟಿದವಳು. ಅವಳಪ್ಪ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕುಲುಮೆಯ ಬಾಯಿಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವನು. ಆಯುಧಪೂಜೆಯಲ್ಲಿ ಅವನ ಸಲಿಕೆ ದೊಡ್ಡ ಮಷಿನ್ನಿನ ಕಾಲಡಿಯಲ್ಲೇ ಇರುತ್ತಿತ್ತು. ಸಾಹೇಬರು, ತಮಿಳಿನವರು, ತೆಲುಗಿನವರು, ಕೂಲಿಯವರು ಎಲ್ಲ ಒಂದೇ ಸಾಲಲ್ಲಿ ಬೂಂದಿ, ಮಂಡಕ್ಕಿ ತೆಗೆದುಕೊಳ್ಳುತ್ತಿದ್ದರು. ಆ ಒಂದು ದಿನ ಮಾತ್ರ, ಮಾರನೇ ದಿನ ಮತ್ತೆ ಅವರವರ ಸಾಲು ಅವರವರಿಗೆ. ಆದರೆ ಅವಳವ್ವ ಒಂದು ಕಟ್ಟು ಕಲಿಸಿದ್ದಳು. ಪೂಜೆಗಿಟ್ಟ ಆಯುಧವನ್ನು ಬನ್ನಿ ಮುಡಿಯುವ ತನಕ ಎತ್ತಬಾರದು. ಎತ್ತಿದ ಮೇಲೆ ಅದರಲ್ಲಿ ಮಾಡುವ ಮೊದಲನೇ ಕೆಲಸ ನಿನಗೆ ಒಳ್ಳೆಯದಾಗುವಂಥದ್ದಿರಬೇಕು. ಮೊದಲ ಕೆಲಸ ಹೆಂಗೋ ವರ್ಷವೆಲ್ಲ ಹಂಗೇ.

ಊದುಬತ್ತಿ ಆರುವ ಮುಂಚೆ ಮೇಸ್ತ್ರಿ ಮುರುಗೇಶಪ್ಪನ ಫೋನು ಬಂತು. ಹೊಂಬೆಳಕಿನ ರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆದು ಜಾರುಬಂಡಿ ಆಗಿದೆ, ಒಬ್ಬರು ಸ್ಕೂಟರಿನಿಂದ ಬಿದ್ದರು, ಅಧ್ಯಕ್ಷರು ಬೈತಿದ್ದಾರೆ, ಈಗಲೇ ಸಲಿಕೆ ತಗೊಂಡು ಓಡು. ಸಲಿಕೆ ಪೂಜೆಗಿದೆ ಅಂದಳು ಮಾಸ್ತಮ್ಮ. ಮೇಸ್ತ್ರಿ ನಕ್ಕ. ನಿನ್ನ ಸಲಿಕೆಗೆಂಥ ಪೂಜೆ, ಅದೇನು ಪಾಂಡವರದಾ ಅಂದ. ಅವಳು ಬರಿಗೈಯಲ್ಲಿ ಹೋದಳು.

ರಸ್ತೆ ತುಂಬ ಕುಂಬಳದ ಲೋಳೆ. ಕುಂಕುಮ ಕಲೆಸಿದ ತಿರುಳು, ಬೀಜ, ತೆಂಗಿನ ಚಿಪ್ಪು, ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು, ಅರಿಶಿನ ಸುಣ್ಣದ ಓಕುಳಿ. ನೋಡಿದರೆ ಯಾರನ್ನೋ ಕಡಿದು ಹಾಕಿದ ಹಾಗಿತ್ತು. ಅವಳ ಗ್ಲೌಸು ಹರಿದು ಎಷ್ಟೋ ಕಾಲವಾಗಿತ್ತು. ರಟ್ಟಿನ ತುಂಡೊಂದನ್ನು ಹಿಡಿದು ಕೂತಳು. ರಟ್ಟು ನೆನೆದು ಮುದ್ದೆಯಾಯಿತು. ಆಮೇಲೆ ಕೈಯಲ್ಲೇ ಬಾಚಿದಳು. ಮಂಡಿಯ ಮೇಲೆ ಕೂತು, ಬಾಚಿ, ಬಕೀಟಿಗೆ ಹಾಕಿ, ಮತ್ತೆ ಸರಿದು ಕೂತು, ಮತ್ತೆ ಬಾಚಿ. ಸುಣ್ಣ ಉಗುರಿನ ಸಂದಿಗೆ ಇಳಿದು ಕಚ್ಚಿತು. ಚಿಪ್ಪಿನ ಚೂರು ಅಂಗೈ ಸೀಳಿತು. ಅಲ್ಲಿಂದ ಬಂದದ್ದು ರಕ್ತವೋ ಕುಂಕುಮವೋ ಗೊತ್ತಾಗಲಿಲ್ಲ. ಹಾರ ಹಾಕಿಕೊಂಡ ಕಾರುಗಳು ಅವಳ ಬೆನ್ನ ಹಿಂದೆ ಬಂದು ಹಾರನ್ ಹೊಡೆದವು. ಅವಳು ಮಂಡಿಯಲ್ಲೇ ಸರಿದು ದಾರಿ ಬಿಟ್ಟಳು. ಷಣ್ಮುಖಪ್ಪನವರು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದರು. ನಿನಗೆ ಪುಣ್ಯ ಬರುತ್ತೆ ಮಾಸ್ತಮ್ಮ, ಅಲ್ಲಿ ಇನ್ನೊಂದು ಚೂರಿದೆ ನೋಡು, ಅಂದರು. ಮೆತ್ತಗೆ.

ವಿಜಯದಶಮಿಯ ಬೆಳಿಗ್ಗೆ ಕೇರಿಯಲ್ಲಿ ಬನ್ನಿ ಹಂಚಿಕೊಂಡರು. ಬಂಗಾರದ ಹಂಗೆ ಇರೋಣ ಅಂದುಕೊಂಡು ಒಬ್ಬರ ಕೈಗೊಬ್ಬರು ಎಲೆ ಇಟ್ಟರು. ಮಾಸ್ತಮ್ಮ ಬನ್ನಿಯ ಎಸಳೊಂದನ್ನು ಮುಡಿಗೇರಿಸಿಕೊಂಡು ಸಲಿಕೆಗೆ ಕೈ ಮುಗಿದು ಎತ್ತಿದಳು. ಅಂಗೈಯ ಗಾಯಕ್ಕೆ ಹಿಡಿ ಒತ್ತಿ ಚುರುಕ್ ಎಂದಿತು.

ಇವತ್ತು ಇದರಲ್ಲಿ ಮೊದಲು ಏನು ಮಾಡುವುದು ಎಂದು ವೇದಾ ಕೇಳಿದಳು. ಮೇಸ್ತ್ರಿ ಆಗಲೇ ಹೇಳಿಯಾಗಿತ್ತು. ಸನ್ಮಾನ ಮುಗಿದ ಕೂಡಲೇ ಎಂಜಲೆಲೆ ಎತ್ತಬೇಕು, ಪೊರಕೆ ಸಲಿಕೆ ಜೊತೆಯಲ್ಲೇ ಇರಲಿ ಅಂತ. ಮೊದಲ ಕೆಲಸ ಎಂಜಲೆಲೆ ಆದರೆ ವರ್ಷವೆಲ್ಲ ಎಂಜಲೆಲೆ. ಹಿಂದಿನ ವರ್ಷಗಳು ಮಾತ್ರ ಬೇರೇನಾಗಿದ್ದವು.

ಕಾಲನ್ನೂ ತೊಳೆದಳು. ಸೋಪು ಹಾಕಿ, ಕಲ್ಲಿಗೆ ಉಜ್ಜಿ.

ಮಧ್ಯಾಹ್ನ ಭವನದ ಮುಂದೆ ಶಾಮಿಯಾನ ತುಂಬಿತ್ತು. ಮೊದಲು ಮನೆಯವರ ಪಂಕ್ತಿಗಳು ಎದ್ದವು. ಹೋಳಿಗೆ ಮುಗಿದ ಮೇಲೆ ಗುಡಿಸುವವರನ್ನು ಕರೆದು, ಭವನದ ಹಿಂದೆ ಜನರೇಟರಿನ ಪಕ್ಕ ಕೂರಿಸಿ ಅನ್ನ ಸಾರು ಬಡಿಸಿದರು. ಬಾಗಿಲು ತೆಗೆದಿದೆ ಎಂದು ವೇದಾ ನೋಡಿಕೊಂಡು ಬಂದು ಕಿವಿಯಲ್ಲಿ ಹೇಳಿದಳು. ನಿಜವಾಗಿ ತೆಗೆದಿತ್ತು. ಬಂದ ಅತಿಥಿಗಳ ಹೆಂಗಸರು ಹೋಗಿ ಬರುತ್ತಿದ್ದರು. ದಾಕ್ಷಾಯಣಮ್ಮ ಆಣೆ ಉಳಿಸಿಕೊಂಡರು ಎಂದು ಮಾಸ್ತಮ್ಮನ ಎದೆ ಹಗುರವಾಯಿತು. ಕುಡೀ ಈಗ ಎಂದು ವೇದಾಳ ಮುಂದೆ ನೀರಿನ ಜಗ್ಗು ಸರಿಸಿದಳು. ವೇದಾ ಲೋಟದ ಮೇಲೆ ಲೋಟ ಕುಡಿದಳು. ಮಳೆ ಕಂಡ ನೆಲದ ಹಾಗೆ ಕುಡಿದಳು.

ಆಮೇಲೆ ಮಾಸ್ತಮ್ಮನನ್ನು ವೇದಿಕೆಗೆ ಕರೆದರು. ದೊಡ್ಡವರಿಗೆ ಕೆತ್ತನೆಯ ಕುರ್ಚಿಗಳು. ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಕೆಳಗೆ, ರತ್ನಗಂಬಳಿ ಹಾಳಾಗದ ಹಾಗೆ ಒಂದು ನೀಲಿ ಟಾರ್ಪಾಲು. ಇವರು ನಮ್ಮ ನಡೆದಾಡುವ ದೇವರು ಎಂದು ಅತಿಥಿಯೊಬ್ಬರು ಭಾಷಣ ಮಾಡಿದರು. ಮೈಕು ಹಿಡಿದವಳು ತಾಯಂದಿರ ತಾಯಿ ಅಂದಳು. ದಾಕ್ಷಾಯಣಮ್ಮ ಹೊಸ ಹಿತ್ತಾಳೆ ಹರಿವಾಣ, ಹೊಸ ತಂಬಿಗೆ ತಂದರು. ಕಾಲು ಇದರಲ್ಲಿಡು ಅಂದರು. ಬಗ್ಗಿ, ತುಟಿ ಅಲ್ಲಾಡಿಸದೆ, ಹರಿವಾಣ ತಂಬಿಗೆ ಆಮೇಲೆ ನೀನೇ ತಗೊಂಡು ಹೋಗು, ಮನೇಲಿ ಯಾರೂ ಇನ್ನು ಅದನ್ನ ಮುಟ್ಟಲ್ಲ, ಅಂತಲೂ ಅಂದರು.

ಮಾಸ್ತಮ್ಮ ಕಾಲಿಟ್ಟಳು. ಉಜ್ಜಿದರೂ ಆ ಕಾಲು ಆ ಕಾಲೇ. ಗಾಜು ಹೊಕ್ಕು ಉಗುರು ಹೋದ ಹೆಬ್ಬೆರಳು. ಚರಂಡಿ ನೀರು ತಿಂದು ಬೆಳ್ಳಗಾದ ಬೆರಳ ಸಂದಿ. ದಾಕ್ಷಾಯಣಮ್ಮ ಎತ್ತರದಿಂದ ನೀರು ಬಿಟ್ಟರು. ಮೇಡಂ, ಕಾಲು ಮುಟ್ಟಿ, ಈ ಕಡೆ ನೋಡಿ, ಎಂದ ಫೋಟೋದವನು. ಅವರು ಒಂದು ಸೇವಂತಿಗೆ ತೆಗೆದುಕೊಂಡು ಅದರಿಂದ ಕಾಲು ಸವರಿದರು. ಹೂವಿನ ತೊಟ್ಟನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು. ಚಪ್ಪಾಳೆ ಬಿತ್ತು.

ವೇದಿಕೆ ಎತ್ತರ. ಅಲ್ಲಿ ಕೂತವರಿಗೆ ಪೂರ್ತಿ ಮೈದಾನ ಕಾಣುತ್ತದೆ. ಮಾಸ್ತಮ್ಮನಿಗೆ ವೇದಾ ಕಂಡಳು. ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡು, ಜನರ ಹಿಂದಿನಿಂದ ಆ ಬಾಗಿಲ ಕಡೆ ಬೇಗ ಬೇಗ ಹೋಗುತ್ತಿದ್ದಳು. ಸುದರ್ಶನನೂ ಕಂಡ. ಅವನು ಅವಳಿಗಿಂತ ಮುಂಚೆ ಹೋಗಿ ಬಾಗಿಲು ಎಳೆದ. ಕೊಂಡಿ ಹಾಕಿದ. ಬೀಗ ಅದುಮಿದ. ವೇದಾ ಏನೋ ಹೇಳಿದಳು. ಅವನು ತಲೆಯಾಡಿಸಿದ. ವೇದಾ ವೇದಿಕೆಯ ಕಡೆ ಕೈ ತೋರಿಸಿದಳು. ಅಲ್ಲಿ ಮಾತಾಗಿದೆ ಅಂತ ಹೇಳುತ್ತಿದ್ದಳು. ಅವನು ರಸ್ತೆಯ ಕಡೆ ಕೈ ತೋರಿಸಿದ.

ವೇದಾ ಗೋಡೆಗೆ ಮುಖ ಮಾಡಿ ನಿಂತಳು. ತೊಡೆ ಬಿಗಿದು ನಿಂತಳು. ಆಮೇಲೆ ಗೋಡೆಗುಂಟ ಜಾರಿ ಕುಸಿದಳು. ಹಬ್ಬಕ್ಕೆಂದು ಉಟ್ಟಿದ್ದ ಹಳದಿ ಸೀರೆ ಸೊಂಟದಿಂದ ಕೆಳಗೆ ಕಪ್ಪಾಯಿತು. ಸಿಮೆಂಟಿನ ಮೇಲೆ ನೀರು ಹರಿಯಿತು. ಹಿಂದಿನ ಸಾಲಿನ ಹೆಂಗಸೊಬ್ಬಳು ತನ್ನ ಮಗುವನ್ನು ಎಳೆದುಕೊಂಡಳು. ಒಂದು ಫೋನು ಮೇಲೆದ್ದಿತು. ಇನ್ನೊಂದು ಎದ್ದಿತು.

ತಂಬಿಗೆಯ ನೀರು ಇನ್ನೂ ಮಾಸ್ತಮ್ಮನ ಕಾಲ ಮೇಲೆ ಬೀಳುತ್ತಲೇ ಇತ್ತು. ಅವಳು ಕಾಲು ಹಿಂದಕ್ಕೆಳೆದಳು. ಹರಿವಾಣ ಮಗುಚಿ ನೀರು ರತ್ನಗಂಬಳಿಗೆ ಹೋಯಿತು.

“ಕಾಲು ಸಾಕು,” ಅಂದಳು. “ಬೀಗ ತೆಗೀರಿ.”

ಮೈಕು ಹತ್ತಿರದಲ್ಲೇ ಇತ್ತು. ಶಾಮಿಯಾನದ ಕೊನೆಯ ತನಕ ಕೇಳಿಸಿತು.

ದಾಕ್ಷಾಯಣಮ್ಮ ಮುಖದ ಮೇಲಿನ ನಗುವನ್ನು ಹಾಗೇ ಹಿಡಿದುಕೊಂಡು, ಕೂತ್ಕೋ ಮಾರಾಯ್ತಿ, ಆರತಿ ಇದೆ ಇನ್ನೂ, ಅಂದರು. ಚಾಮುಂಡಿ ಆಣೆ ಹಾಕಿದ್ದಿರಲ್ಲ ಎಂದಳು ಮಾಸ್ತಮ್ಮ. ಇವತ್ತು ದೊಡ್ಡವರೆಲ್ಲ ಬಂದಿದ್ದಾರೆ ಕಣೇ, ಇವತ್ತೊಂದು ದಿನ, ನಾಳೆ ನೋಡೋಣ ಎಂದು ಅವರು ಹಲ್ಲಿನ ಸಂದಿಯಲ್ಲಿ ಹೇಳಿದರು. ಷಣ್ಮುಖಪ್ಪನವರು ಎದ್ದು ಬಂದರು. ಇದೇ ಮೊದಲ ಸಲ ಅವರು ಮೆತ್ತಗೆ ಮಾತಾಡಲಿಲ್ಲ.

“ವೇದಿಕೆ ಮೇಲೆ ಕೂರಿಸಿದ್ದೇ ತಪ್ಪಾಯ್ತು. ಎಲ್ಲಿಡಬೇಕೋ ಅಲ್ಲೇ ಇಡ್ಬೇಕು ನಿಮ್ಮನ್ನ.”

“ನಮ್ಮನ್ನ ಎಲ್ಲಿ ಇಟ್ಟಿದ್ದೀರ ನೋಡಿ ಅಲ್ಲಿ. ಆ ಹುಡುಗಿ ಗೋಡೆ ಮೂಲೇಲಿ ಉಚ್ಚೆ ಮೇಲೆ ಕೂತಿದೆ. ನಾನು ತೊಳೆಯೋ ಕಕ್ಕಸು ಅದು. ನಿಮ್ಮ ಮದುವೆದು, ನಿಮ್ಮ ನಾಮಕರಣದ್ದು, ಎಲ್ಲಾರದ್ದೂ ತೊಳೆದಿದ್ದೀನಿ. ತೊಳೆಯಕ್ಕೆ ನಮ್ಮ ಜಾತಿ ಆಗುತ್ತೆ, ಕೂರಕ್ಕೆ ಆಗಲ್ವಾ ಸಾರ್?”

ಸ್ಪೀಕರ್ ಸುಯ್ ಎಂದಿತು. ಯಾರೋ ಮೈಕಿನ ವೈರು ಕಿತ್ತರು.

ಮಾಸ್ತಮ್ಮ ಹರಿವಾಣ ತಂಬಿಗೆ ಎತ್ತಿಕೊಂಡು ಒದ್ದೆ ಕಾಲಲ್ಲಿ ಮೆಟ್ಟಿಲಿಳಿದಳು. ಮುರುಗೇಶಪ್ಪ ಅಡ್ಡ ಬಂದ. ಕೆಲಸ ಹೋಗುತ್ತೆ ಕಣೇ, ನಾನು ಕಾಪಾಡಕ್ಕಾಗಲ್ಲ, ಹೊಟ್ಟೆ ಮೇಲೆ ಹೊಡ್ಕೋಬೇಡ ಅಂದ. ಅವನೂ ಕೇರಿಯವನೇ. ಅವನ ಹೆಂಡತಿಯೂ ಒಂದು ಕಾಲದಲ್ಲಿ ಲಂಟಾನದ ಮರೆಗೆ ಹೋದವಳೇ. ಮಾಸ್ತಮ್ಮ ಅವನ ಮುಖ ನೋಡಿದಳು. ಅವನು ಪಕ್ಕಕ್ಕೆ ಸರಿದ.

ಶಾಮಿಯಾನದ ಕಂಬಕ್ಕೆ ಸಲಿಕೆ ಒರಗಿತ್ತು. ಚೆಂಡುಹೂವು ಬಾಡಿರಲಿಲ್ಲ, ವಿಭೂತಿಯೂ ಹಾಗೇ ಇತ್ತು. ಅವಳು ಅದನ್ನು ಎತ್ತಿಕೊಂಡು ಗೋಡೆಯ ಕಡೆ ನಡೆದಳು. ಹಿಂದೆ ಷಣ್ಮುಖಪ್ಪನವರ ದನಿ ಕೇಳುತ್ತಿತ್ತು, ಹಿಡೀರಿ ಅವಳನ್ನ, ಯಾರಾದರೂ ಹಿಡೀರಿ ಅಂತ. ಅಷ್ಟು ಜನ ಗಂಡಸರಿದ್ದರು. ಪಂಚೆಯವರು, ಪ್ಯಾಂಟಿನವರು, ಮೈ ಬೆಳೆಸಿದ ಡಂಬೆಲ್ಸಿನವರು. ಒಬ್ಬನೂ ಅವಳ ತೋಳಿಗೆ ಕೈ ಹಾಕಲಿಲ್ಲ. ನೀನು ಹಿಡಿ ಅಂತ ಒಬ್ಬರ ಮುಖ ಒಬ್ಬರು ನೋಡಿದರು. ಸ್ನಾನ ಮಾಡಿದ್ದರು, ಮಡಿ ಬಟ್ಟೆ ಹಾಕಿದ್ದರು, ಹಬ್ಬದ ದಿನ. ಮುಟ್ಟಲು ಹೇಸುವ ಕೈಗಳಿಗೆ ತಡೆಯುವುದೂ ಆಗುವುದಿಲ್ಲ.

ಸುದರ್ಶನ ಬಾಗಿಲ ಮುಂದೆ ನಿಂತಿದ್ದ. ಸೊಂಟದ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

“ತೆಗೀತೀಯೇನಪ್ಪ?”

“ಅಧ್ಯಕ್ಷರು ಹೇಳಬೇಕು,” ಅಂದ.

“ಹಂಗಾದ್ರೆ ಆ ಕಡೆ ಸರಿ.”

ಅವಳು ಸಲಿಕೆಯ ಬಾಯನ್ನು ಕೊಂಡಿಯ ಸಂದಿಗೆ ತೂರಿಸಿದಳು. ಹಿಡಿಯ ಮೇಲೆ ಮೈಯ ಭಾರ ಬಿಟ್ಟಳು. ಅಂಗೈಯ ಗಾಯ ಬಾಯಿ ಬಿಟ್ಟಿತು. ಕೊಂಡಿ ಕಿರುಗುಟ್ಟಿತು, ಬರಲಿಲ್ಲ. ಕಾಲೂರಿ ನಿಂತು ಮತ್ತೆ ಅದುಮಿದಳು. ಚರಂಡಿಯ ಕಲ್ಲುಚಪ್ಪಡಿ ಮೀಟಿದ ತೋಳು, ಸತ್ತ ನಾಯಿ ಎತ್ತಿದ ಬೆನ್ನು. ಸ್ಕ್ರೂಗಳು ಮರ ಸೀಳಿಕೊಂಡು ಎದ್ದು ಬಂದವು. ಕೊಂಡಿ, ಬೀಗ ಎರಡೂ ಒಟ್ಟಿಗೆ ಸುದರ್ಶನನ ಕಾಲ ಬಳಿ ಬಿದ್ದವು. ಅವನ ಕೀಲಿಗೊಂಚಲು ಕೈಯಲ್ಲೇ ಇತ್ತು.

ಸಲಿಕೆಯ ಮೊದಲ ಕೆಲಸ ಅದು.

ಮಾಸ್ತಮ್ಮ ವೇದಾಳ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಹುಡುಗಿ ಮುಖ ಎತ್ತಲಿಲ್ಲ. ಅಕ್ಕಾ, ಎಲ್ಲಾರೂ ನೋಡ್ತಿದಾರೆ ಅಂದಳು. ನೋಡ್ಲಿ, ನಡಿ ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಹಾಕಿದಳು. ಒಳಗಿನ ಚಿಲಕವನ್ನು ಎಷ್ಟೋ ಸಲ ಬ್ರಷ್ಷಿನಲ್ಲಿ ಉಜ್ಜಿ ಹೊಳೆಯಿಸಿದ್ದಳು. ಹಾಕಿಕೊಂಡದ್ದು ಇದೇ ಮೊದಲು.

ನಲ್ಲಿ ತಿರುಗಿಸಿದಳು. ಹೊಸ ತಂಬಿಗೆಯಲ್ಲಿ ನೀರು ಹಿಡಿದಳು. ವೇದಾಳ ಸೀರೆ ಮೊಣಕಾಲಿನ ತನಕ ಎತ್ತಿ, ಬಿಳೀ ಟೈಲ್ಸಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಅವಳ ಕಾಲು ತೊಳೆದಳು. ಹೂವಿನಿಂದಲ್ಲ, ಕೈಯಿಂದ. ಮೀನಖಂಡ, ಹಿಮ್ಮಡಿ, ಬೆರಳ ಸಂದಿ, ಎಲ್ಲ ತಿಕ್ಕಿ ತೊಳೆದಳು. ವೇದಾ ಅಳುತ್ತಿದ್ದವಳು ನಡುವೆ ಒಮ್ಮೆ, ಸೋಪು ಹಾಕು ಮಾರಾಯ್ತಿ, ಫೋಟೋದಲ್ಲಿ ಕಾಣುತ್ತೆ, ಅಂದಳು. ದಾಕ್ಷಾಯಣಮ್ಮನ ದನಿ ಹಾಗೇ ಬಂದಿತ್ತು. ಇಬ್ಬರೂ ನಕ್ಕರು. ಕನ್ನಡಿಯಲ್ಲೂ ಇಬ್ಬರು ನಕ್ಕರು.

ಹೊರಗೆ ಬಾಗಿಲು ಬಡಿಯತೊಡಗಿದರು. ಮೊದಲು ಬೆರಳ ಗಣ್ಣಿನಿಂದ, ಆಮೇಲೆ ಮುಷ್ಟಿಯಿಂದ. ಪೊಲೀಸರಿಗೆ ಫೋನು ಮಾಡಿದ್ದೀವಿ ಎಂದಿತು ಒಂದು ದನಿ.  ಎಲೆಗಳೆಲ್ಲ ಹಾಗೇ ಬಿದ್ದಿವೆ, ನಾಯಿ ಎಳೀತಿವೆ, ಯಾರು ಎತ್ತುತ್ತಾರೆ ಎಂದಿತು ಇನ್ನೊಂದು. ಆಮೇಲೆ ಅಷ್ಟೂ ಗಲಾಟೆಯ ನಡುವೆ ಹೆಂಗಸೊಬ್ಬಳ ದನಿ, ಯಾರೋ ಅತಿಥಿಯದಿರಬೇಕು, ಅವಸರದಲ್ಲಿ ಕೇಳಿತು.

“ಸ್ವಲ್ಪ ಬೇಗ ಬರ್ತೀರಾ? ತಡೆಯಕ್ಕಾಗ್ತಿಲ್ಲ.”

ಮಾಸ್ತಮ್ಮ ಇನ್ನೊಂದು ತಂಬಿಗೆ ನೀರು ಹಿಡಿದಳು. ಅದನ್ನು ವೇದಾಳ ಇನ್ನೊಂದು ಕಾಲಿಗೆ ನಿಧಾನವಾಗಿ ಹೊಯ್ದಳು.

“ತಡ್ಕೊಳ್ರಮ್ಮ,” ಅಂದಳು. “ಒಳಗೆ ಜನ ಇದೀವಿ.”